ಉಜ್ಜೀವನಕ್ಕೆ ಮೊದಲು ಏನಿತ್ತು? ಆಮೇಲೆ ಏನು ಉಳಿಯಿತು?



ಉಜ್ಜೀವನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಪೆಂಡಾಲ್, ಮೈಕ್, ಕಣ್ಣೀರಿನ ಪ್ರಾರ್ಥನೆ. ಕೂಟ ಮುಗಿದ ಮೇಲೆ "ಎಷ್ಟು ಜನ ಬಂದಿದ್ದರು?" ಎಂದು ಕೇಳುತ್ತೇವೆ. ಸಭೆಯ ಚರಿತ್ರೆ ಓದಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ತಿಳಿಯುತ್ತದೆ. ಅದಕ್ಕೆ ಮೊದಲು ಏನಿತ್ತು? ಆಮೇಲೆ ಏನು ಉಳಿಯಿತು?

1904ರಲ್ಲಿ ವೇಲ್ಸ್ ದೇಶದಲ್ಲಿ ಉಜ್ಜೀವನದ ಮುಂದಾಳಾಗಿದ್ದ ಇವಾನ್ ರಾಬರ್ಟ್ಸ್ ಅವರಿಗೆ ಆಗ 26 ವರ್ಷ, ನಮ್ಮದೇ ವಯಸ್ಸು. ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ತಮ್ಮ ಊರಿನ ಯುವಜನರ ಜೊತೆ ಪ್ರಾರ್ಥಿಸುತ್ತಾ ಶುರು ಮಾಡಿದರು. ಆದರೆ 1906ರ ಹೊತ್ತಿಗೆ ದೇಹ, ಮನಸ್ಸು ಎರಡೂ ಬಳಲಿ ಹಿಂದೆ ಸರಿಯಬೇಕಾಯಿತು. ದೇವರು ಬಳಸುವ ನಾಯಕರಿಗೂ ವಿಶ್ರಾಂತಿ ಬೇಕು, ಅವರ ಭಾರ ಹೊರಲು ಸಭೆಯೂ ಬೇಕು.

ಆ ಸುದ್ದಿ ಭಾರತಕ್ಕೂ ಬಂತು. ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಪುಣೆ ಬಳಿಯ ಕೇಡಗಾವ್‌ನ ಮುಕ್ತಿಯಲ್ಲಿ ವಿಧವೆಯರಿಗೂ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೂ ಅನ್ನ, ಓದು, ಕೆಲಸ ಕೊಟ್ಟಿದ್ದರು. 1905ರ ಜನವರಿಯಲ್ಲಿ ಸುಮಾರು 70 ಮಂದಿ ದಿನವೂ ಪ್ರಾರ್ಥನೆಗೆ ಕೂಡತೊಡಗಿದರು. ಜೂನ್ ಕೊನೆಯಲ್ಲಿ ಉಜ್ಜೀವನ ಬಂತು. ಹುಡುಗಿಯರು ಗುಂಪುಗುಂಪಾಗಿ ಹಳ್ಳಿಗಳಿಗೆ ಸುವಾರ್ತೆ ಒಯ್ದರು. ಆಮೇಲೂ ರಮಾಬಾಯಿ ಕೂತು ಇಡೀ ಬೈಬಲನ್ನು ಮರಾಠಿಗೆ ತಂದರು. ಮುಕ್ತಿಯ ಹೆಂಗಸರೇ ಅದನ್ನು ಅಚ್ಚು ಮಾಡಿದರು.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಲವ್‌ಡೇಲ್‌ನಿಂದ ಕುನ್ನೂರಿನ ಕಡೆಗೆ ರೈಲು ಹತ್ತಿದರೆ ಮುಂದಿನ ನಿಲ್ದಾಣ ಕೇತ್ತಿ. 1846ರಲ್ಲಿ ಬಾಸೆಲ್ ಮಿಷನ್ ಅಲ್ಲಿ ಕೆಲಸ ಆರಂಭಿಸಿತು. ಕರೆಸಿದವರು ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮಿಷನ್‌ಗೇ ಬಿಟ್ಟರು. ಮೊದಲು ಬಂದ ವೈಗ್ಲೆ ಕನ್ನಡ ಬೈಬಲ್ ಅನುವಾದದಲ್ಲಿ ದುಡಿದವರು. ಅವರ ನಂತರ ಮೆಟ್ಸ್ ದಶಕಗಳ ಕಾಲ ಹಟ್ಟಿಯಿಂದ ಹಟ್ಟಿಗೆ ನಡೆದು, ಬಡಗರ ಮಾತು, ಹಾಡು, ಪದ್ಧತಿಗಳನ್ನು ಕಲಿತರು. 1852ರಲ್ಲಿ ಲೂಕನ ಸುವಾರ್ತೆ ಬಡಗ ಮಾತಿನಲ್ಲೇ ಅಚ್ಚಾಯಿತು. ಆದರೂ ಬಡಗರಲ್ಲಿ ಮೊದಲ ದೀಕ್ಷಾಸ್ನಾನ ನಡೆದದ್ದು 1858ರಲ್ಲಿ. ಹನ್ನೆರಡು ವರ್ಷ!

ಆ ಹನ್ನೆರಡು ವರ್ಷಗಳನ್ನು ಯಾರೂ ಉಜ್ಜೀವನ ಎಂದು ಕರೆಯಲಿಲ್ಲ. ಹೊಸದಾಗಿ ದೀಕ್ಷಾಸ್ನಾನ ಪಡೆದವರು ಮನೆ, ಹಟ್ಟಿ, ನಂಟರ ವಿರೋಧವನ್ನು ಸಹಿಸಬೇಕಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಯಿತು. ಅವರು ಹೋದರು, ಸಭೆ ಉಳಿಯಿತು.

ಬೀಜ ಬಿತ್ತಿದವನು ಮರುದಿನವೇ ಕುಡುಗೋಲು ಹಿಡಿದು ಹೊಲಕ್ಕೆ ಹೋಗುವುದಿಲ್ಲ. ನಾವು ಮಾತ್ರ ಒಂದು ಕೂಟದಲ್ಲಿ ಎಲ್ಲವೂ ಆಗಬೇಕೆಂದು ಬಯಸುತ್ತೇವೆ. ಆಗದಿದ್ದರೆ ದೇವರು ಕೆಲಸ ಮಾಡುತ್ತಿಲ್ಲ ಎಂದು ಸೋತು ಕೂರುತ್ತೇವೆ. ನಮ್ಮ ವಯಸ್ಸಿನ ಎಷ್ಟೋ ಮಂದಿ ಸಭೆಯಿಂದ ದೂರವಾಗುವುದು ಇಲ್ಲಿಯೇ.

ಆದ್ದರಿಂದ ಈ ತಿಂಗಳು ಎರಡು ಕೆಲಸ ಮಾಡೋಣ. ಮನೆಯ ಅಜ್ಜ ಅಜ್ಜಿಯರ ಬಳಿ ಕೂತು, ನಮ್ಮ ಕುಟುಂಬಕ್ಕೆ ನಂಬಿಕೆ ಹೇಗೆ ಬಂತು ಎಂದು ಕೇಳಿ ಬರೆದಿಡೋಣ. ವಾರಕ್ಕೊಮ್ಮೆ ನಾಲ್ಕೈದು ಜನರಾದರೂ ತಪ್ಪದೆ ಪ್ರಾರ್ಥನೆಗೆ ಕೂಡೋಣ. ಬೆಳೆ ಕೊಡುವುದು ದೇವರ ಕೆಲಸ, ಬಿತ್ತುವುದು ನಮ್ಮದು. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.