ದೆವ್ವ ಯಾರ ಕಡೆಗಿದೆ?

1973ರ ಡಿಸೆಂಬರ್ 15ರಂದು ಅಮೆರಿಕದ ಮನೋವೈದ್ಯರ ಸಂಘದ ಆಡಳಿತ ಮಂಡಳಿ ಸಲಿಂಗಕಾಮವನ್ನು ಮಾನಸಿಕ ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಅದಾಗಿ ಹನ್ನೊಂದು ದಿನಕ್ಕೆ, ಹುಡುಗಿಯೊಬ್ಬಳಿಗೆ ಹಿಡಿದ ದೆವ್ವವನ್ನು ಪಾದ್ರಿಗಳು ಬಿಡಿಸುವ ಕಥೆಯ 'ದಿ ಎಕ್ಸಾರ್ಸಿಸ್ಟ್' ಚಿತ್ರ ತೆರೆಕಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ 'ಲವ್ ಇನ್ ಆ್ಯಕ್ಷನ್' ಎಂಬ ಕ್ರೈಸ್ತ ಸಂಸ್ಥೆ ಸಲಿಂಗಿಗಳನ್ನು 'ಬದಲಿಸುವ' ಕೆಲಸಕ್ಕೆ ಕೈಹಾಕಿತ್ತು. ಮೂರೂ ಒಟ್ಟಿಗೆ ಬಂದದ್ದು ಕಾಕತಾಳೀಯವೇ. ಆದರೂ ಧಾರ್ಮಿಕ ಮೂಲಭೂತವಾದವನ್ನು ಕುರಿತ ಇಂದಿನ ಹಾರರ್ ಸಾಹಿತ್ಯದ ಬೇರು ಹುಡುಕುವವರು ಆ ವರ್ಷಕ್ಕೇ ಹೋಗಿ ನಿಲ್ಲಬೇಕಾಗುತ್ತದೆ.

ವೈದ್ಯರು ಕೈಬಿಟ್ಟ 'ರೋಗ'ವನ್ನು ಕೆಲವು ಇವಾಂಜೆಲಿಕಲ್ ಪಂಗಡಗಳು ಎತ್ತಿಕೊಂಡವು. 1976ರಲ್ಲಿ ಹುಟ್ಟಿದ 'ಎಕ್ಸೋಡಸ್ ಇಂಟರ್‌ನ್ಯಾಷನಲ್' ಇಂಥ ಗುಂಪುಗಳನ್ನೆಲ್ಲ ಒಂದೇ ಜಾಲಕ್ಕೆ ತಂದಿತು. ರೋಗದ ಪಟ್ಟಿಯನ್ನು ತಿದ್ದುವುದರಲ್ಲಿ ಮುಂದಾಳಾಗಿದ್ದ ರಾಬರ್ಟ್ ಸ್ಪಿಟ್ಜರ್ ಅವರೇ 2003ರಲ್ಲಿ, ಬದಲಾಗಿದ್ದೇವೆ ಎನ್ನುತ್ತಿದ್ದ 200 ಮಂದಿಯನ್ನು ಫೋನಿನಲ್ಲಿ ಮಾತಾಡಿಸಿ, ಕೆಲವರು ಬದಲಾಗಬಲ್ಲರು ಎಂದು ಬರೆದರು. ಅದಕ್ಕೆ ಅವರಿಗಿದ್ದ ಆಧಾರ ಆ ಜನರ ಬಾಯಿಮಾತು ಮಾತ್ರ. 2012ರಲ್ಲಿ ಅವರು ಕ್ಷಮೆ ಕೇಳಿದರು. ಮರುವರ್ಷ ಎಕ್ಸೋಡಸ್ ಕೂಡ ಕ್ಷಮೆ ಕೇಳಿ ಬಾಗಿಲು ಹಾಕಿತು.

ಸಾಹಿತ್ಯ, ಸಿನಿಮಾಗಳು ಈ ವಿಷಯಕ್ಕೆ ಮೊದಲು ಬೇರೆ ದಾರಿಗಳಿಂದ ಬಂದವು. 1999ರ 'ಬಟ್ ಐ ಆ್ಯಮ್ ಎ ಚಿಯರ್‌ಲೀಡರ್' ನಗಿಸಿತು. ಗ್ಯಾರಾರ್ಡ್ ಕಾನ್ಲಿ 2016ರ 'ಬಾಯ್ ಇರೇಸ್ಡ್' ಆತ್ಮಕಥನದಲ್ಲಿ ಲವ್ ಇನ್ ಆ್ಯಕ್ಷನ್ ಶಿಬಿರದ ತಮ್ಮ ಅನುಭವವನ್ನೇ ಬರೆದರು. ಅಲ್ಲಿ ವಂಶವೃಕ್ಷ ಬಿಡಿಸಿ, ಯಾವ ಬಂಧು ಯಾವ ಪಾಪ ಮಾಡಿದ್ದ ಎಂದು ಗುರುತು ಹಾಕಬೇಕಿತ್ತು. ಭಯ ಹುಟ್ಟಿಸಲು ಇದಕ್ಕಿಂತ ಹೆಚ್ಚೇನು ಬೇಕು? 'ಅಮೆರಿಕನ್ ಹಾರರ್ ಸ್ಟೋರಿ' ಟಿವಿ ಧಾರಾವಾಹಿಯ 2012ರ ಸರಣಿ ಮಾತ್ರ ಇದನ್ನು ನೇರವಾಗಿ ಹಾರರ್‌ಗೆ ತಂದು, 1964ರ ಒಂದು ಕ್ಯಾಥೊಲಿಕ್ ಹುಚ್ಚಾಸ್ಪತ್ರೆಯಲ್ಲಿ ಸಲಿಂಗಿ ಪತ್ರಕರ್ತೆಯೊಬ್ಬಳಿಗೆ ಕೊಡುವ 'ಚಿಕಿತ್ಸೆ'ಯನ್ನು ತೋರಿಸಿತು.

ಚಕ್ ಟಿಂಗಲ್ ಎಂಬ ಗುಪ್ತನಾಮದ ಲೇಖಕ 2023ರಲ್ಲಿ ಬರೆದ 'ಕ್ಯಾಂಪ್ ಡಮಾಸ್ಕಸ್' ಈ ಸಾಲಿನಲ್ಲಿ ಮುಖ್ಯ ಕೃತಿ. ಬೈಬಲ್ಲಿನ ಸೌಲನು ಕ್ರೈಸ್ತನಾಗಿ ಪೌಲನಾದದ್ದು ಡಮಾಸ್ಕಸ್‌ನ ದಾರಿಯಲ್ಲಿ. ಶಿಬಿರದ ಹೆಸರಿನಲ್ಲೇ ಮತಪರಿವರ್ತನೆಯ ಕಥೆ ಅಡಗಿದೆ. ಮೊಂಟಾನಾದ ಕಾಲ್ಪನಿಕ ಊರೊಂದರಲ್ಲಿ ಇಪ್ಪತ್ತರ ಹುಡುಗಿ ರೋಸ್ ಮನೆಯಲ್ಲಿ ನೊಣದಂಥ ಹುಳುಗಳನ್ನು ವಾಂತಿ ಮಾಡುತ್ತಾಳೆ. ಬಿಳಿಗಣ್ಣಿನ ಆಕೃತಿಯೊಂದು ಅವಳ ಬೆನ್ನು ಹತ್ತುತ್ತದೆ. ಆ ದೆವ್ವದ ಮೈಮೇಲೆ ಕೆಂಪು ಪೋಲೋ ಅಂಗಿ, ಎದೆಗೆ ಹೆಸರಿನ ಪಟ್ಟಿ, ಥೇಟ್ ಅಂಗಡಿಯ ನೌಕರನ ಹಾಗೆ! ಕಾದಂಬರಿಯ ಅತ್ಯಂತ ಗಟ್ಟಿಯಾದ ಕಲ್ಪನೆ ಇದೇ. ನೂರಕ್ಕೆ ನೂರು ಯಶಸ್ಸು ಎಂದು ಹೇಳಿಕೊಳ್ಳುವ ಶಿಬಿರವು ಮಕ್ಕಳ ನೆನಪನ್ನು ಅಳಿಸಿ, ಒಬ್ಬೊಬ್ಬರಿಗೂ ಒಂದೊಂದು ದೆವ್ವವನ್ನು ಅಂಟಿಸಿ ಕಳಿಸುತ್ತದೆ. ಒಲವು ಮೂಡಿದೊಡನೆ ಭಯ ಹುಟ್ಟಿಸುವುದು ಆ ದೆವ್ವದ ಕೆಲಸ. ದೆವ್ವ ಬಿಡಿಸುವವರೇ ಇಲ್ಲಿ ದೆವ್ವ ಹಿಡಿಸುವವರು. 'ಎಕ್ಸಾರ್ಸಿಸ್ಟ್' ಕಟ್ಟಿಕೊಟ್ಟಿದ್ದ ಪಾತ್ರಗಳು ತಿರುವುಮುರುವಾಗಿವೆ. ಅಳಿಸಿದ ನೆನಪುಗಳ ಬಗ್ಗೆ ಓದುವಾಗ, ಬಾಯಿಮಾತನ್ನೇ ನಂಬಿದ ಸ್ಪಿಟ್ಜರ್ ಅವರ ಫೋನು ಕರೆಗಳು ಮನಸ್ಸಿಗೆ ಬಾರದೆ ಇರವು.

ಇಂಥದೇ ಶಿಬಿರದ ಕಥೆಯಾದ 2022ರ 'ದೇ/ದೆಮ್' ಚಿತ್ರಕ್ಕೆ ಸಂಸ್ಥೆಯನ್ನೇ ಭಯದ ಮೂಲವಾಗಿಸುವ ಈ ಧೈರ್ಯ ಇರಲಿಲ್ಲ. ಶಿಬಿರದಲ್ಲಿ ಕೊಲೆಗಾರ್ತಿಯೊಬ್ಬಳನ್ನು ತಂದು ಬಿಟ್ಟಾಗ, ಸಂಸ್ಥೆಯ ಕ್ರೌರ್ಯ ಅವಳ ಕೊಲೆಗಳ ಹಿಂದೆ ಮರೆಯಾಯಿತು.

ಈ ಕ್ರೌರ್ಯ ಅಮೆರಿಕಕ್ಕೆ ಸೀಮಿತವಲ್ಲ. ಸಲಿಂಗಿಗಳನ್ನು ವೈದ್ಯಕೀಯವಾಗಿ ಬದಲಿಸುವ ಪ್ರಯತ್ನಗಳನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ನಿಷೇಧಿಸಿತು; ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು.

ಮತ್ತೆ ಕಾದಂಬರಿಗೆ ಬಂದರೆ, ಗ್ರೆಚೆನ್ ಫೆಲ್ಕರ್-ಮಾರ್ಟಿನ್ ಅವರ 'ಕುಕೂ' (2024) 'ಕ್ಯಾಂಪ್ ಡಮಾಸ್ಕಸ್'ಗಿಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಯನ್ನು ಬಲ್ಲ ಕನ್ನಡಿಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. 1995ರ ಬೇಸಿಗೆಯಲ್ಲಿ ಹದಿಹರೆಯದವರನ್ನು ಮರುಭೂಮಿಯ ಶಿಬಿರಕ್ಕೆ ಎಳೆದೊಯ್ಯುತ್ತಾರೆ. ಹಣ ಕೊಟ್ಟು ಕಳಿಸಿದ ಹೆತ್ತವರ ಮನೆಬಾಗಿಲಿಗೆ ಮರಳುವುದು ಅವರ ಮಕ್ಕಳಲ್ಲ, ಆ ಮಕ್ಕಳ ಮುಖ ಹೊತ್ತು ಬಂದ ಬೇರೇನೋ.