ಮಲ್ಲಯುದ್ಧದಲ್ಲಿ ದೇಹೋನ್ನತಿಯ ಸ್ಥಾನ: ಶ್ರೀರಂಗಪಟ್ಟಣ ಸೀಮೆಯ ಆಧಾರಗಳ ಪರಿಶೀಲನೆ

೧

ಇಬ್ಬರು ಎದುರುಬದುರಾಗಿ ಸೆಣಸುವ ಆಟಗಳಲ್ಲಿ ಎತ್ತರದ ಆಳಿಗೆ ಗೆಲವು ಸುಲಭವೆಂಬ ನಂಬಿಕೆ ಬಹಳ ಹಳೆಯದು. “ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು” ಎಂಬ ಗಾದೆ ಇದಕ್ಕೆ ವಿರುದ್ಧವಾದ ನಂಬಿಕೆಯೂ ಜನರಲ್ಲಿ ಬೇರೂರಿದ್ದುದನ್ನು ತೋರಿಸುತ್ತದೆ. ಇವೆರಡರಲ್ಲಿ ಯಾವುದು ಸತ್ಯಕ್ಕೆ ಸಮೀಪವಾದುದೆಂಬುದನ್ನು ಮಲ್ಲಯುದ್ಧದ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಸೀಮೆಯನ್ನು ಆರಿಸಿಕೊಂಡಿರುವುದಕ್ಕೆ ಕಾರಣಗಳುಂಟು. ೧೯೩೯ರಲ್ಲಿ ಮಂಡ್ಯ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳು ಅದಕ್ಕೆ ಮುಂಚೆ ಮೈಸೂರು ಜಿಲ್ಲೆಯ ಭಾಗವಾಗಿದ್ದವು. ೧೬೧೦ರಿಂದ ೧೭೯೯ರವರೆಗೆ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲಿ ಮಹಾನವಮಿಯ ಉತ್ಸವವೂ ಅದರ ಅಂಗವಾದ ಜಟ್ಟಿಕಾಳಗವೂ ನೆಲೆಗೊಂಡವು. ನಾಗಮಂಗಲದ ಕಂಬದಹಳ್ಳಿಯಂಥ ಜೈನಕ್ಷೇತ್ರವೂ, ಆ ತಾಲ್ಲೂಕಿಗೂ ಕೃಷ್ಣರಾಜಪೇಟೆಗೂ ನೆರೆಯಾದ ಶ್ರವಣಬೆಳಗೊಳವೂ ಬಾಹುಬಲಿಯ ಕಥೆಯನ್ನು ಈ ನಾಡಿನ ನೆನಪಿನಲ್ಲಿ ಉಳಿಸಿವೆ. ಪಾಂಡವಪುರದ ಕುಂತಿಬೆಟ್ಟ ಭೀಮನ ಕಥೆಗಳಿಗೆ ಆಶ್ರಯವಾಗಿದೆ. ಇಲ್ಲಿಯ ಊರುಗಳಲ್ಲಿ ಗರಡಿಯ ಸಾಮು ಇಂದಿಗೂ ಪೂರ್ಣವಾಗಿ ನಿಂತುಹೋಗಿಲ್ಲ.

ವಿಷಯ ಕೇವಲ ಕುತೂಹಲದ್ದಲ್ಲ. ಕ್ರೀಡೆಗೆ ಬಾಲಕರನ್ನು ಆರಿಸುವಾಗ ಮೊದಲು ಗೋಡೆಗೆ ನಿಲ್ಲಿಸಿ ಎತ್ತರವನ್ನು ಅಳೆಯುವ ಪದ್ಧತಿ ರೂಢಿಯಲ್ಲಿದೆ. ಆ ಅಳತೆಗೋಲಿನ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದು ಗ್ರಾಮಾಂತರದ ಅನೇಕ ಬಾಲಕರ ಮುಂದಿನ ದಾರಿಗೆ ಸಂಬಂಧಿಸಿದ ಪ್ರಶ್ನೆ.

೨

ಮೊದಲು ಸಾಹಿತ್ಯದ ಆಧಾರಗಳನ್ನು ನೋಡೋಣ. ಇವು ಎರಡು ಬಗೆಯಾಗಿವೆ. ಒಂದು ಬಗೆಯಲ್ಲಿ ವೀರನು ಭೀಮಕಾಯನೇ ಆಗಿರುತ್ತಾನೆ. ವಿರಾಟನಗರದಲ್ಲಿ ಅಡುಗೆಯವನ ವೇಷದಲ್ಲಿದ್ದ ಭೀಮನು ಜೀಮೂತನೆಂಬ ಮಲ್ಲನನ್ನು ಕೆಡಹಿದ ಪ್ರಸಂಗ ಇದಕ್ಕೆ ನಿದರ್ಶನ. ಇನ್ನೊಂದು ಬಗೆಯಲ್ಲಿ ಚಿಕ್ಕವನು ದೊಡ್ಡವನನ್ನು ಗೆಲ್ಲುತ್ತಾನೆ. ಭಾಗವತದಲ್ಲಿ ಬಾಲಕರಾದ ಕೃಷ್ಣ ಬಲರಾಮರು ಚಾಣೂರ ಮುಷ್ಟಿಕರೆಂಬ ಪರ್ವತಾಕಾರದ ಮಲ್ಲರನ್ನು ಕೊಲ್ಲುವ ಸಂದರ್ಭ ಸರ್ವವಿದಿತ. ಆ ಕಾಳಗವನ್ನು ನೋಡುತ್ತಿದ್ದ ಮಧುರೆಯ ಸ್ತ್ರೀಯರು, ಸಮಾನರಲ್ಲದವರನ್ನು ಹೀಗೆ ಕಾದಿಸುವುದು ಅಧರ್ಮವೆಂದು ಸಭೆಯನ್ನೇ ನಿಂದಿಸುತ್ತಾರೆ. ಕಥೆಯಲ್ಲಿ ಗೆದ್ದವನು ಚಿಕ್ಕವನಾದರೂ, ಗಾತ್ರದಲ್ಲಿ ಸಮಾನರಾದವರನ್ನೇ ಎದುರುಬದುರು ನಿಲ್ಲಿಸಬೇಕೆಂಬ ಧರ್ಮವು ಪ್ರೇಕ್ಷಕರಿಗೆ ತಿಳಿದಿದ್ದಿತೆಂಬುದು ಈ ಮಾತಿನಿಂದ ವಿದಿತವಾಗುತ್ತದೆ.

ಇವೆರಡಕ್ಕಿಂತಲೂ ನಮ್ಮ ವಿಷಯಕ್ಕೆ ಹೆಚ್ಚು ಉಪಯುಕ್ತವಾದುದು ಭರತ ಬಾಹುಬಲಿಗಳ ಕಥೆ. ಸಂಸ್ಕೃತದಲ್ಲಿ ಜಿನಸೇನನೂ ಕನ್ನಡದಲ್ಲಿ ೯೪೧ರ ಆದಿಪುರಾಣದಲ್ಲಿ ಪಂಪನೂ ಇದನ್ನು ನಿರೂಪಿಸಿದ್ದಾರೆ. ಸೈನ್ಯಗಳ ಸಂಹಾರವನ್ನು ತಪ್ಪಿಸಲು ಅಣ್ಣತಮ್ಮಂದಿರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಸ್ಪರ್ಧೆಗಳಿಗೆ ಒಪ್ಪುತ್ತಾರೆ. ಜೈನ ಸಂಪ್ರದಾಯದ ಪ್ರಕಾರ ಭರತನ ಎತ್ತರ ೫೦೦ ಬಿಲ್ಲು, ಬಾಹುಬಲಿಯದು ೫೨೫ ಬಿಲ್ಲು. ಜಲಯುದ್ಧದಲ್ಲಿ ಭರತನು ಎರಚಿದ ನೀರು ತಮ್ಮನ ಮುಖಕ್ಕೆ ಮುಟ್ಟಲಿಲ್ಲ. ಬಾಹುಬಲಿ ಎರಚಿದ ನೀರು ಅಣ್ಣನ ಮುಖವನ್ನು ಮುಚ್ಚಿತು. ಇಲ್ಲಿ ಎತ್ತರವೇ ಜಯಕ್ಕೆ ಕಾರಣವೆಂದು ಕಥೆಯೇ ಸ್ಪಷ್ಟಪಡಿಸುತ್ತದೆ. ಮಲ್ಲಯುದ್ಧದಲ್ಲಿಯಾದರೋ ಬಾಹುಬಲಿ ಅಣ್ಣನನ್ನು ಹಿಡಿದು ಮೇಲಕ್ಕೆತ್ತುತ್ತಾನೆ. ಅಲ್ಲಿ ಪ್ರಶಂಸೆಗೆ ಪಾತ್ರವಾಗುವುದು ತೋಳಿನ ಬಲ. ಒಬ್ಬನೇ ವ್ಯಕ್ತಿಯ ಮೂರು ಸ್ಪರ್ಧೆಗಳಲ್ಲಿ ಎತ್ತರದ ಬೆಲೆ ಒಂದೇ ಸಮನಾಗಿಲ್ಲವೆಂಬುದು ಗಮನಾರ್ಹ. ಸ್ಪರ್ಧೆಯ ನಿಯಮ ಬದಲಾದರೆ ಎತ್ತರದ ಬೆಲೆಯೂ ಬದಲಾಗುತ್ತದೆಂಬ ಸೂತ್ರ ಇದರಲ್ಲಿ ಅಡಗಿದೆ.

ಆದರೆ ಕಾವ್ಯದಲ್ಲಿಯೂ ಶಿಲ್ಪದಲ್ಲಿಯೂ ದೊರೆಯುವ ಅಳತೆಗಳು ದೇಹದ ಅಳತೆಗಳಲ್ಲ, ಗೌರವದ ಅಳತೆಗಳು. ಹತ್ತನೆಯ ಶತಮಾನದ ಕೊನೆಯಲ್ಲಿ ಬೆಳಗೊಳದ ಬೆಟ್ಟದ ಮೇಲೆ ಕಡೆದ ಗೊಮ್ಮಟನು ಸುಮಾರು ೫೮ ಅಡಿ ಎತ್ತರವಾಗಿದ್ದಾನೆ. ಶ್ರೀರಂಗಪಟ್ಟಣದ ನರಸಿಂಹ ದೇವಾಲಯದಲ್ಲಿ ಕೈಮುಗಿದು ನಿಂತಿರುವ ರಣಧೀರ ಕಂಠೀರವ ನರಸರಾಜ ಒಡೆಯರ ವಿಗ್ರಹ ಆಳೆತ್ತರಕ್ಕಿಂತ ಬಹಳ ಚಿಕ್ಕದು. ಕಲ್ಲಿನ ಎತ್ತರದಿಂದ ಮನುಷ್ಯನ ಎತ್ತರವನ್ನು ಊಹಿಸಲಾಗದು. ಆದುದರಿಂದ ಪದ್ಧತಿಯನ್ನು ಹೇಳುವ ಶಾಸ್ತ್ರಗ್ರಂಥಗಳನ್ನೂ ಕಣ್ಣಾರೆ ಕಂಡವರ ಬರೆಹಗಳನ್ನೂ ಆಶ್ರಯಿಸಬೇಕಾಗುತ್ತದೆ.

೩

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಒಂದು ಅಧ್ಯಾಯವಿದೆ. ಇದರಲ್ಲಿ ಮಲ್ಲರನ್ನು ವಯಸ್ಸು, ದೇಹದ ಗಾತ್ರ, ಶಕ್ತಿ ಇವುಗಳಿಗನುಸಾರವಾಗಿ ತರಗತಿಗಳಾಗಿ ವಿಂಗಡಿಸಲಾಗಿದೆ. ಬೇಳೆ, ಮಾಂಸ, ಹಾಲು, ಸಕ್ಕರೆ ಮೊದಲಾದುವನ್ನು ರಾಜನೇ ಅವರಿಗೆ ಒದಗಿಸಬೇಕೆಂದು ಹೇಳಿ, ಪಟ್ಟುಗಳ ಹೆಸರುಗಳನ್ನು ಕೊಡಲಾಗಿದೆ. ದೇಹಗಾತ್ರಕ್ಕೆ ಬೆಲೆಯಿದ್ದುದರಿಂದಲೇ ವಿಂಗಡಣೆ ಅವಶ್ಯಕವಾಯಿತು. ಆದರೆ ಗಾತ್ರವು ಮೂರು ಲಕ್ಷಣಗಳಲ್ಲಿ ಒಂದು ಮಾತ್ರ. ಒಬ್ಬಂಟಿಯಾಗಿ ಅದು ಮಲ್ಲನ ಸ್ಥಾನವನ್ನು ನಿರ್ಣಯಿಸುತ್ತಿರಲಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ವಿದೇಶೀಯರ ಪ್ರತ್ಯಕ್ಷ ವರ್ಣನೆಗಳು ದೊರೆಯುತ್ತವೆ. ೧೫೨೦ರ ಸುಮಾರಿನಲ್ಲಿ ರಾಜಧಾನಿಯನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆ ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಸವರಿಕೊಂಡು, ಭಾರವನ್ನೆತ್ತಿ, ಕತ್ತಿವರಸೆ ಮಾಡಿ, ಬಳಿಕ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಮಾಡುತ್ತಿದ್ದನಂತೆ. ಅದೇ ಲೇಖಕನು ದೊರೆ ಮಧ್ಯಮ ಎತ್ತರದವನು, ತೆಳ್ಳಗಿರುವುದಕ್ಕಿಂತ ತುಸು ದಪ್ಪನೆಯವನು ಎಂದು ಹೇಳುತ್ತಾನೆ. ನಿತ್ಯವೂ ಸಾಮು ಮಾಡುತ್ತಿದ್ದ ಒಬ್ಬ ಐತಿಹಾಸಿಕ ವ್ಯಕ್ತಿಯ ಎತ್ತರದ ವಿಷಯದಲ್ಲಿ ಸಮಕಾಲೀನನ ಸಾಕ್ಷ್ಯ ದೊರೆಯುವುದು ಅಪೂರ್ವ. ದೊರೆಯೊಡನೆ ಆಡುವ ಜಟ್ಟಿ ಪೂರ್ಣಬಲವನ್ನು ಪ್ರಯೋಗಿಸಿಯಾನೆಂದು ನಂಬುವಂತಿಲ್ಲವಾದರೂ, ಎತ್ತರವು ಗರಡಿಯ ಬಾಗಿಲಿಗೆ ಹಾಕಿದ ಬೀಗವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇದಕ್ಕಿಂತ ಮುಖ್ಯವಾದುದು ಮಹಾನವಮಿಯ ಮಲ್ಲರ ವಿಷಯವಾಗಿ ಪಾಯೆಸನು ಹೇಳುವ ಮಾತು. ಹಲ್ಲು ಮುರಿಯುವಂತೆ, ಮುಖ ವಿಕಾರವಾಗುವಂತೆ ಅವರು ಹೊಡೆದಾಡುತ್ತಿದ್ದರು; ಆದರೂ ಕಣದಲ್ಲಿ ನಾಯಕರೂ ತೀರ್ಪುಗಾರರೂ ಇದ್ದು, ಇಬ್ಬರನ್ನೂ ಸಮಾನಸ್ಥಿತಿಯಲ್ಲಿ ನಿಲ್ಲಿಸುತ್ತಿದ್ದರು ಎಂದು ಅವನು ತಿಳಿಸುತ್ತಾನೆ. ಮಧುರೆಯ ಸ್ತ್ರೀಯರು ಬಯಸಿದ ಧರ್ಮವನ್ನು ವಿಜಯನಗರದ ಕಣದಲ್ಲಿ ಅಧಿಕಾರಿಗಳೇ ನಡೆಸುತ್ತಿದ್ದರೆಂದಾಯಿತು.

೪

೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅದೇ ವರ್ಷ ಅಲ್ಲಿ ಮಹಾನವಮಿಯನ್ನು ಆಚರಿಸಿದರು. ವಿಜಯನಗರದ ಪದ್ಧತಿ ಹೀಗೆ ಕಾವೇರಿಯ ದ್ವೀಪಕ್ಕೆ ಬಂದಿತು. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರೆಂದು ಪ್ರಸಿದ್ಧರು. ಪಟ್ಟಕ್ಕೆ ಬರುವ ಮೊದಲು ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ಸೋಲಿಸಿದರೆಂಬ ಕಥೆ ಸಂಪ್ರದಾಯದಲ್ಲಿದೆ. ಮೈಸೂರು ದಸರಾ ಕುಸ್ತಿಯ ಪ್ರಶಸ್ತಿಗೆ ‘ದಸರಾ ಕಂಠೀರವ’ ಎಂಬ ಹೆಸರಿರುವುದು ಈ ದೊರೆಯ ಸ್ಮರಣೆಯನ್ನು ತರುತ್ತದೆ.

ವಜ್ರಮುಷ್ಟಿ ಕಾಳಗದ ವಿಷಯವಾಗಿ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದುದು ಬಹು ಬೆಲೆಯುಳ್ಳದ್ದು. ಜಟ್ಟಿಗಳು ಪ್ರತ್ಯೇಕ ಕುಲದವರು. ಎಳವೆಯಿಂದಲೇ ನಿತ್ಯವೂ ಸಾಮು ಮಾಡುವವರು. ಅವರ ಅಂಗಸೌಷ್ಠವಕ್ಕೆ ಸಮನಾದುದು ಬೇರೆಲ್ಲಿಯೂ ಇರಲಾರದೆಂದು ವಿಲ್ಕ್ಸರ ಅಭಿಪ್ರಾಯ. ಪ್ರಶಂಸೆಯೆಲ್ಲ ಸೌಷ್ಠವಕ್ಕೆ ಸಂದಿದೆಯೇ ಹೊರತು ಎತ್ತರಕ್ಕಲ್ಲ. ಬಲಗೈಯ ಆಯುಧ ಎಮ್ಮೆಯ ಕೊಂಬಿನದು; ಅದರ ಮೇಲೆ ಚೂಪಾದ ಗುಬುಟುಗಳಿರುತ್ತವೆ. ಅಂಗೈಯಲ್ಲಿ ಸರಿಯಾಗಿ ಹಿಡಿದರೆ ಸಾಮಾನ್ಯ ಬಲದವನೂ ಒಂದೇ ಪೆಟ್ಟಿಗೆ ಎದುರಾಳಿಯ ತಲೆಯನ್ನು ಸೀಳಬಲ್ಲನು. ಆದರೆ ಕಾಳಗದಲ್ಲಿ ಅದನ್ನು ಬೆರಳುಗಳ ಗೆಣ್ಣುಗಳ ನಡುವೆ ತೊಡುವುದರಿಂದ, ಬಲವಾಗಿ ಗುದ್ದಿದವನ ಬೆರಳುಗಳೇ ಗೆಣ್ಣು ತಪ್ಪುವ ಅಪಾಯವಿತ್ತು.

ಉದ್ದ ತೋಳಿನ ಎತ್ತರದ ಆಳು ಮೇಲಿನಿಂದ ಬಲವಾಗಿ ಹೊಡೆಯಬಲ್ಲನೆಂಬುದೇ ಅವನ ಮುಖ್ಯ ಅನುಕೂಲ. ಆಯುಧವನ್ನು ತೊಡುವ ಕ್ರಮವು ಆ ಅನುಕೂಲವನ್ನು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. ಉಳಿಯುವುದು ಹಿಡಿತ, ಚಳಕ, ಸಮಯಸ್ಫೂರ್ತಿ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆದುಬಂದಿರುವ ವಜ್ರಮುಷ್ಟಿ ಕಾಳಗದಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗವನ್ನು ನಿಲ್ಲಿಸುವುದುಂಟು. ಕ್ಷಣಮಾತ್ರದಲ್ಲಿ ಮುಗಿಯಬಹುದಾದ ಇಂಥ ಸ್ಪರ್ಧೆಯಲ್ಲಿ ದೇಹಭಾರದಿಂದ ಎದುರಾಳಿಯನ್ನು ದಣಿಸುವ ಅವಕಾಶ ಇನ್ನೂ ಕಡಮೆ.

ಜಾತ್ರೆ, ದಸರಾಗಳ ನಾಡಕುಸ್ತಿಯ ಕ್ರಮ ಬೇರೆ. ಅಲ್ಲಿ ಎದುರಾಳಿಯನ್ನು ಮಟ್ಟಿಯ ಮಣ್ಣಿನಲ್ಲಿ ಚಿತ್ ಮಾಡಿದವನೇ ಗೆದ್ದವನು. ಎತ್ತರದ ಪೈಲ್ವಾನನು ದೂರದಿಂದಲೇ ಕತ್ತಿಗೆ ಕೈಹಾಕಬಲ್ಲನು; ಆದರೆ ಅವನ ದೇಹದ ಭಾರ ನೆಲದಿಂದ ಹೆಚ್ಚು ಮೇಲೆ ನೆಲೆಸಿರುವುದರಿಂದ, ತಗ್ಗಿ ನುಗ್ಗಿ ಕಾಲಿಗೆ ಪಟ್ಟು ಹಾಕುವ ಗಿಡ್ಡನಿಗೆ ಅವನನ್ನು ಕದಲಿಸುವುದು ಸುಲಭ. ಒಂದು ಕಡೆಯ ಲಾಭ ಇನ್ನೊಂದು ಕಡೆಯ ನಷ್ಟವಾಗುತ್ತದೆ. ಇದನ್ನರಿತ ಹಿರಿಯರು ಕಾಳಗಕ್ಕೆ ಮುಂಚೆ ಜೋಡಿ ಕಟ್ಟುವ ಪದ್ಧತಿಯನ್ನು ಬೆಳೆಸಿದರು. ಮೈಸೂರು ದಸರೆಯ ಕುಸ್ತಿಗೆ ಮುಂಚಿತವಾಗಿಯೇ ಜೋಡಿ ಕಟ್ಟುವುದು ಒಂದು ಸಾರ್ವಜನಿಕ ಕಾರ್ಯವಾಗಿಯೇ ನಡೆಯುತ್ತದೆ. ಉಸ್ತಾದರೂ ಹಿರಿಯ ಪೈಲ್ವಾನರೂ ಇಬ್ಬರ ಆಳ್ತನ, ವಯಸ್ಸು, ಅನುಭವಗಳನ್ನು ತೂಗಿನೋಡಿ ಸಮಜೋಡಿಯನ್ನು ಗೊತ್ತುಮಾಡುತ್ತಾರೆ. ಪಾಯೆಸನು ಕಂಡ ನಾಯಕರ ಕೆಲಸವನ್ನೇ ಇವರು ಮಾಡುತ್ತಿದ್ದಾರೆನ್ನಬಹುದು.

೫

ಹೊರನಾಡುಗಳ ಕೆಲವು ನಿದರ್ಶನಗಳನ್ನು ಹೋಲಿಸಿ ನೋಡುವುದು ಉಚಿತ. ೧೮೯೬ರ ಅಥೆನ್ಸ್ ಒಲಿಂಪಿಕ್ ಕೂಟದ ಕುಸ್ತಿಯಲ್ಲಿ ದೇಹತೂಕದ ವಿಂಗಡಣೆಯೇ ಇರಲಿಲ್ಲ. ಅಲ್ಲಿ ಗೆದ್ದವನು ಸುಮಾರು ೫ ಅಡಿ ೪ ಅಂಗುಲದ ಜರ್ಮನ್ ವ್ಯಾಯಾಮಪಟು ಕಾರ್ಲ್ ಶೂಮನ್. ಅವನಿಗೆ ಮೊದಲ ಸುತ್ತಿನಲ್ಲಿ ಸೋತವನು ಅದೇ ಕೂಟದಲ್ಲಿ ಒಂದು ಕೈಯಿಂದ ಭಾರವೆತ್ತುವ ಸ್ಪರ್ಧೆಯನ್ನು ಗೆದ್ದಿದ್ದ ಲಾನ್ಸೆಸ್ಟನ್ ಎಲಿಯಟ್ ಎಂಬ ದೃಢಕಾಯನು. ನಮ್ಮ ದೇಶದ ಗಾಮಾ ಪೈಲ್ವಾನನು ೫ ಅಡಿ ೮ ಅಂಗುಲವನ್ನು ಮೀರಿದವನಲ್ಲ. ಅವನಿಗಿಂತ ಒಂದಡಿಯಷ್ಟು ಎತ್ತರವಾಗಿದ್ದ ರಹೀಮ್ ಬಕ್ಷನೊಡನೆ ಅವನು ಮೊದಲು ಸಮನಾಗಿ ಕಾದಿ ಮುಂದೆ ಗೆದ್ದನು. ಆದರೆ ಇವು ಅಸಾಧಾರಣ ಪುರುಷರ ಉದಾಹರಣೆಗಳು. ಸಾಮಾನ್ಯ ನಿಯಮವನ್ನು ಇವುಗಳಿಂದ ಕಟ್ಟುವುದಕ್ಕಿಂತ, ೧೯೦೪ರ ಒಲಿಂಪಿಕ್ ಕೂಟದಲ್ಲಿಯೇ ತೂಕದ ವಿಂಗಡಣೆ ಜಾರಿಗೆ ಬಂದಿತೆಂಬುದನ್ನು ಗಮನಿಸುವುದು ಮೇಲು. ೧೯೫೨ರ ಹೆಲ್ಸಿಂಕಿ ಕೂಟದಲ್ಲಿ ಸಾತಾರಾ ಜಿಲ್ಲೆಯ ಖಾಶಾಬಾ ಜಾಧವರು ಕಂಚಿನ ಪದಕವನ್ನು ಪಡೆದುದು ಇಂಥ ಒಂದು ಲಘುತೂಕದ ವಿಭಾಗದಲ್ಲಿಯೇ. ವಿಂಗಡಣೆ ಇಲ್ಲದಿದ್ದರೆ ಅಂಥ ಆಳಿಗೆ ಕಣದಲ್ಲಿ ಸ್ಥಳವೇ ದೊರೆಯುತ್ತಿರಲಿಲ್ಲ.

ಎತ್ತರಕ್ಕೆ ಬಹಳ ಬೆಲೆಯಿದೆಯೆಂದು ಎಲ್ಲರೂ ಒಪ್ಪುವ ಇನ್ನೊಂದು ಆಟವಾದ ರಗ್ಬಿಯನ್ನೂ ಪರಿಶೀಲಿಸಬಹುದು. ಚೆಂಡು ಪಕ್ಕದ ಗೆರೆಯಾಚೆ ಹೋದಾಗ ಎರಡು ಪಕ್ಷದವರೂ ಎರಡು ಸಾಲಾಗಿ ನಿಲ್ಲುತ್ತಾರೆ. ಒಬ್ಬನು ಹೊರಗಿನಿಂದ ಚೆಂಡನ್ನು ಸಾಲುಗಳ ನಡುವೆ ಎಸೆಯುತ್ತಾನೆ. ನೆಗೆದು ಅದನ್ನು ಹಿಡಿಯಬೇಕು. ಇದಕ್ಕೆ ಲೈನ್‌ಔಟ್ ಎಂದು ಹೆಸರು. ಹಿಂದೆ ಆಟಗಾರನು ಸ್ವಶಕ್ತಿಯಿಂದಲೇ ನೆಗೆಯಬೇಕಾಗಿದ್ದಿತು. ೧೯೯೦ರ ದಶಕದಲ್ಲಿ ನಿಯಮ ಸಡಿಲಗೊಂಡ ಮೇಲೆ ಇಬ್ಬರು ಸಂಗಡಿಗರು ಅವನನ್ನು ಎತ್ತಿ ಹಿಡಿಯುವುದು ರೂಢಿಗೆ ಬಂದಿತು. ಅಂದಿನಿಂದ ಎತ್ತುವವರ ಬಲ, ನೆಗೆಯುವವನ ಹಗುರತೆ, ಎಸೆಯುವವನ ಗುರಿ, ಗುಪ್ತಸಂಕೇತಗಳ ಹೊಂದಾಣಿಕೆ ಇವೆಲ್ಲವೂ ಎತ್ತರದೊಡನೆ ಸೇರಿ ಫಲವನ್ನು ನಿರ್ಣಯಿಸುತ್ತವೆ. ವೃತ್ತಿಪರ ರಗ್ಬಿಯಲ್ಲಿ ಎಸೆಯುವ ಪಕ್ಷವೇ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸಲ ಚೆಂಡನ್ನು ಪಡೆಯುತ್ತದೆ. ಎದುರು ಸಾಲಿನಲ್ಲಿಯೂ ಅಷ್ಟೇ ಎತ್ತರದವರಿದ್ದರೂ ಹೀಗಾಗುವುದು ಸಂಕೇತಜ್ಞಾನದ ಮಹತ್ವವನ್ನು ತೋರಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಆ ಸ್ಥಾನಕ್ಕೆ ಆರಿಸಿದವರೆಲ್ಲರೂ ಆರೂವರೆ ಅಡಿಯ ಆಸುಪಾಸಿನವರೇ. ಅವರವರಲ್ಲಿಯೇ ಹೋಲಿಸಿದರೆ ಒಂದೆರಡು ಅಂಗುಲಗಳ ವ್ಯತ್ಯಾಸಕ್ಕೆ ಫಲ ಕಾಣದೆ ಹೋಗಬಹುದು. ಅದರಿಂದ ಎತ್ತರಕ್ಕೆ ಬೆಲೆಯಿಲ್ಲವೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಆಯ್ಕೆಯ ಹಂತದಲ್ಲಿಯೇ ಆ ಬೆಲೆ ಸಂದಾಯವಾಗಿಹೋಗಿದೆ. ನಮ್ಮ ಮಟ್ಟಿಯ ಕುಸ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಸಮಜೋಡಿಗಳನ್ನೇ ಕಟ್ಟಿದ ಮೇಲೆ, ಗೆದ್ದವರ ಪಟ್ಟಿಯಲ್ಲಿ ಎತ್ತರದ ಪ್ರಭಾವವನ್ನು ಹುಡುಕಿದರೆ ಅದು ಸಿಕ್ಕುವುದಾದರೂ ಹೇಗೆ?

೬

ಮೇಲ್ಕಂಡ ವಿವೇಚನೆಯಿಂದ ಸಿದ್ಧವಾಗುವ ಅಂಶಗಳು ಮೂರು. ಮೊದಲನೆಯದಾಗಿ, ಎತ್ತರದ ಬೆಲೆ ಸ್ಪರ್ಧೆಯ ನಿಯಮವನ್ನು ಅವಲಂಬಿಸಿದೆ. ಜಲಯುದ್ಧದಲ್ಲಿ ಗೆಲ್ಲಿಸಿದ ಗುಣ ವಜ್ರಮುಷ್ಟಿಯಲ್ಲಿ ಗೆಲ್ಲಿಸಬೇಕಾಗಿಲ್ಲ. ಎರಡನೆಯದಾಗಿ, ಸೋಮೇಶ್ವರನ ಕಾಲದಿಂದ ಇಂದಿನವರೆಗೆ ಸ್ಪರ್ಧೆಯನ್ನು ನಡೆಸಿದವರು ದೇಹಗಾತ್ರದ ಪ್ರಭಾವವನ್ನು ಬಲ್ಲವರಾಗಿದ್ದು, ವಿಂಗಡಣೆಯಿಂದಲೂ ಜೋಡಿಯಿಂದಲೂ ಅದನ್ನು ಹತೋಟಿಯಲ್ಲಿಟ್ಟರು. ಚಿಕ್ಕವನಿಗೂ ಕೀರ್ತಿ ಸಾಧ್ಯವಾದುದು ಅವನ ಚಳಕದಿಂದ ಮಾತ್ರವಲ್ಲ, ಈ ನ್ಯಾಯಬುದ್ಧಿಯಿಂದಲೂ ಹೌದು. ಮೂರನೆಯದಾಗಿ, ಗೆಲವುಸೋಲುಗಳ ಲೆಕ್ಕದಿಂದ ಮಾತ್ರ ಎತ್ತರದ ಪ್ರಭಾವವನ್ನು ಅಳೆಯುವುದು ಸಾಧುವಲ್ಲ; ಯಾರು ಕಣಕ್ಕೆ ಬಂದರು, ಯಾರನ್ನು ಮೊದಲೇ ಹಿಂದಕ್ಕೆ ಕಳುಹಿಸಲಾಯಿತು ಎಂಬುದನ್ನೂ ವಿಚಾರಿಸಬೇಕು.

ಈ ಕೊನೆಯ ಅಂಶ ನಮ್ಮ ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದುದು. ಕುಸ್ತಿಗೆ ಬರುವ ಬಾಲಕನನ್ನು ಅಳತೆಗೋಲಿನಿಂದಲೇ ತಿರಸ್ಕರಿಸುವುದು ನಮ್ಮ ಗರಡಿಯ ಸಂಪ್ರದಾಯಕ್ಕೆ ವಿರುದ್ಧ. ಅವನಿಗೆ ತಕ್ಕ ಜೋಡಿಯನ್ನು ಹುಡುಕುವುದೇ ಆ ಸಂಪ್ರದಾಯ. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರಿನ ಜಾತ್ರೆಗಳಲ್ಲಿ ಜೋಡಿ ಕಟ್ಟುವ ಸಮಯದಲ್ಲಿಯೇ ಇಬ್ಬರ ಎತ್ತರ, ತೂಕ, ವಯಸ್ಸು, ಸಾಮಿನ ವರ್ಷಗಳನ್ನೂ, ಜೋಡಿ ಸಿಗದೆ ಹಿಂದಿರುಗಿದವರ ವಿವರವನ್ನೂ ಬರೆದಿಟ್ಟುಕೊಂಡು, ಅನಂತರ ಕಾಳಗದ ಫಲವನ್ನು ದಾಖಲಿಸಿದರೆ, ಕೆಲವೇ ವರ್ಷಗಳಲ್ಲಿ ಈ ಪ್ರಶ್ನೆಗೆ ಊಹೆಯ ಬದಲು ಅಂಕಿಗಳ ಉತ್ತರ ದೊರೆಯುತ್ತದೆ. ಹಿರಿಯ ಉಸ್ತಾದರು ಕಣ್ಣಳತೆಯಿಂದ ಜೋಡಿಯನ್ನು ಗೊತ್ತುಮಾಡುವ ಬಗೆಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ಈ ಕಾರ್ಯದ ಮೊದಲ ಮೆಟ್ಟಿಲಾಗಬೇಕು.