ಅಂಕಪಟ್ಟಿಯಾಚೆ ಒಂದು ಪ್ರಶ್ನೆ: ಅಮೆರಿಕದ ವೈದ್ಯಕೀಯ ಪ್ರವೇಶ ಮತ್ತು ವೈವಿಧ್ಯ ಪ್ರಬಂಧದ ವಸ್ತು

ಅಮೆರಿಕದಲ್ಲಿ ವೈದ್ಯಕೀಯ ಓದಬೇಕೆನ್ನುವವರು ಪ್ರವೇಶ ಪರೀಕ್ಷೆಯಾದ ಎಂಸಿಎಟಿಯ ಅಂಕ, ಪದವಿಯ ಜಿಪಿಎ ಇಷ್ಟನ್ನೇ ಹಿಡಿದು ಹೋದರೆ ಸಾಲದು. ತಮ್ಮ ಬಗ್ಗೆ ಪುಟಗಟ್ಟಲೆ ಬರೆಯಲೂ ಬೇಕು. ಬಹುಪಾಲು ಕಾಲೇಜುಗಳಿಗೆ ಒಟ್ಟಾಗಿ ಸಲ್ಲುವ ಆಮ್ಕಾಸ್ ಅರ್ಜಿಯಲ್ಲಿ 5,300 ಅಕ್ಷರಗಳ ಮುಖ್ಯ ಪ್ರಬಂಧವಿದೆ. ಆಮೇಲೆ ಒಂದೊಂದು ಕಾಲೇಜೂ ಬೇರೆಯಾಗಿ ಕಳಿಸುವ ‘ಸೆಕೆಂಡರಿ’ ಪ್ರಶ್ನೆಗಳು. ಅವುಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಯ ಸಾರ ಇಷ್ಟು: ನೀವು ಬಂದರೆ ನಮ್ಮ ತರಗತಿಗೆ ಹೊಸದಾಗಿ ಏನು ಸಿಗುತ್ತದೆ? ಇದಕ್ಕೆ ಬರೆಯುವ ಉತ್ತರವೇ ವೈವಿಧ್ಯ ಪ್ರಬಂಧ. ನೀಟ್ ರ‍್ಯಾಂಕು, ಮೀಸಲಾತಿ, ಕೌನ್ಸೆಲಿಂಗ್ ಇಷ್ಟರಲ್ಲೇ ಸೀಟು ತೀರ್ಮಾನವಾಗುವುದನ್ನು ಕಂಡ ಕರ್ನಾಟಕದ ಪೋಷಕರಿಗೆ ಇದು ವಿಚಿತ್ರವೆನಿಸೀತು.

ಈ ಪ್ರಶ್ನೆಗೆ ಈಗಿನ ರೂಪ ಕೊಟ್ಟದ್ದರಲ್ಲಿ ನ್ಯಾಯಾಲಯದ ಪಾಲು ದೊಡ್ಡದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಕಾಲೇಜು 1970ರ ದಶಕದಲ್ಲಿ ತನ್ನ 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ಸಮುದಾಯಗಳವರಿಗೆ ತೆಗೆದಿರಿಸಿತ್ತು. ಎರಡು ಸಲ ಅರ್ಜಿ ಹಾಕಿ ಸೀಟು ಸಿಗದ ಅಲನ್ ಬಾಕಿ ಮೊಕದ್ದಮೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಸೇರಿಸಿಕೊಳ್ಳುವಂತೆ ಆದೇಶಿಸಿತು. ಡೇವಿಸ್‌ನ ಕೋಟಾ ಬಿದ್ದುಹೋಯಿತು. ಆದರೆ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಒಂದು ಕಿಂಡಿ ಉಳಿಸಿದರು. ಭಿನ್ನ ಹಿನ್ನೆಲೆಯ ವಿದ್ಯಾರ್ಥಿ ತರುವ ಅನುಭವದಿಂದ ಇಡೀ ತರಗತಿಯ ಕಲಿಕೆ ಬೆಳೆಯುತ್ತದೆ, ಆದ್ದರಿಂದ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಗಮನಿಸಬಹುದು ಎಂದರು. ಅವರು ಮಾದರಿಯಾಗಿ ತೋರಿಸಿದ ಹಾರ್ವರ್ಡ್ ಪದ್ಧತಿಯಲ್ಲಿ ಐಡಹೋದ ಹಳ್ಳಿಹುಡುಗನ ಉದಾಹರಣೆಯೂ ಇತ್ತು: ಬಾಸ್ಟನ್ನಿನವನು ತರಲಾಗದ್ದನ್ನು ಆತ ತರಬಲ್ಲ. ಹಳೆಯ ಅನ್ಯಾಯಕ್ಕೆ ಪರಿಹಾರ ಎನ್ನುವ ವಾದ ಹಿಂದೆ ಸರಿದು, ಸಹಪಾಠಿಗಳಿಗೆ ಆಗುವ ಲಾಭ ಮುಂದೆ ಬಂದದ್ದು ಹೀಗೆ. ಇದು ನ್ಯಾಯವೇ ಎಂಬ ಜಗಳ ಇನ್ನೂ ಮುಗಿದಿಲ್ಲ.

2023ರ ಜೂನ್ 29ರಂದು ಆ ಕಿಂಡಿಯೂ ಬಹುಮಟ್ಟಿಗೆ ಮುಚ್ಚಿತು. ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ವಿರುದ್ಧದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು ಜನಾಂಗಾಧಾರಿತ ಪ್ರವೇಶವನ್ನು ನಿಲ್ಲಿಸಿತು. ಅರ್ಜಿದಾರ ತನ್ನ ಬದುಕಿನ ಮೇಲೆ ಜನಾಂಗದ ಪರಿಣಾಮವೇನೆಂದು ಬರೆಯಬಹುದು, ಆದರೆ ಅದು ಆತನ ಧೈರ್ಯ, ಛಲ, ಸಾಮರ್ಥ್ಯಗಳಿಗೆ ತಳುಕು ಹಾಕಿಕೊಂಡಿರಬೇಕು ಎಂದಿತು. ಪ್ರಬಂಧದ ಹಿಂಬಾಗಿಲಿನಿಂದ ಹಳೆಯ ಪದ್ಧತಿಯನ್ನು ಒಳತರಕೂಡದು ಎಂಬ ಎಚ್ಚರಿಕೆಯೂ ಜೊತೆಗಿತ್ತು. ಹೀಗಾಗಿ ‘ನಾನು ಇಂಥ ಸಮುದಾಯದವಳು’ ಎಂಬಲ್ಲಿಗೇ ನಿಲ್ಲುವ ಪ್ರಬಂಧಕ್ಕೆ ಬಲವಿಲ್ಲ. ಆ ಹಿನ್ನೆಲೆಯಿಂದ ಏನು ಮಾಡಿದಳು, ಏನು ಕಂಡುಕೊಂಡಳು ಎಂಬುದೇ ವಸ್ತು.

ಅಮೆರಿಕದಲ್ಲಿ ಬೆಳೆದ ಕನ್ನಡ ಮನೆಗಳ ಮಕ್ಕಳಿಗೆ ತಟ್ಟನೆ ಹೊಳೆಯುವ ವಿಷಯಗಳು ಭರತನಾಟ್ಯದ ರಂಗಪ್ರವೇಶ, ಬೇಸಿಗೆ ರಜೆಯ ಊರು, ಎರಡು ಸಂಸ್ಕೃತಿಗಳ ನಡುವಿನ ತಳಮಳ. ಇವು ಕೆಟ್ಟವಲ್ಲ, ಸವೆದವು. ಅದೇ ಮನೆಯ ಊಟದ ಮೇಜನ್ನು ನೋಡಿ: ರಕ್ತದೊತ್ತಡದ ಅಜ್ಜಿಗೆ ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಅಜ್ಜಿ ಸಾರಿಗೆ ಉಪ್ಪು ಕಡಿಮೆ ಹಾಕಿ ಮಾತು ಉಳಿಸಿಕೊಂಡಿದ್ದಾರೆ. ಬಾಳಕದ ಮೆಣಸಿನಕಾಯಿ, ಹಪ್ಪಳ, ಮಾವಿನ ಮಿಡಿ ಮಾತ್ರ ಲೆಕ್ಕಕ್ಕೇ ಬಂದಿಲ್ಲ. ಇದನ್ನು ಗಮನಿಸಿ, ಅಜ್ಜಿಯ ಜೊತೆ ಕೂತು ವಾರದ ಅಡುಗೆಯನ್ನೇ ಬದಲಿಸಿದ ಮೊಮ್ಮಗಳಿದ್ದರೆ ಅವಳಿಗೆ ಬರೆಯಲು ವಸ್ತು ಸಿಕ್ಕಿತು. ರೋಗಿಯ ಅಡುಗೆಮನೆ ವೈದ್ಯರ ಚೀಟಿಯನ್ನು ಹೇಗೆ ಓದುತ್ತದೆ ಎಂಬುದು ಅವಳ ಸಹಪಾಠಿಗಳಿಗೂ ಬೇಕಾದ ತಿಳಿವಳಿಕೆಯೇ.

ಕಷ್ಟದ ಕಥೆಯೇ ಬೇಕೆಂಬ ನಂಬಿಕೆ ಇನ್ನೊಂದು ತೊಡಕು. 2023ರಲ್ಲಿ ಶುರುವಾದ ಸಾಲಿನಿಂದ ಆಮ್ಕಾಸ್ ‘ಹಿಂದುಳಿದ ಸ್ಥಿತಿ’ ಕೇಳುತ್ತಿದ್ದ ಪ್ರಶ್ನೆ ತೆಗೆದು, ಬದುಕಿನ ಮೇಲೆ ಪ್ರಭಾವ ಬೀರಿದ ಇತರ ಅನುಭವಗಳ ಬಗ್ಗೆ 1,325 ಅಕ್ಷರಗಳ ಜಾಗ ಕೊಟ್ಟಿದೆ. ಅದನ್ನು ತುಂಬಲೇಬೇಕೆಂದಿಲ್ಲ. ಆದರೂ ಸುಖವಾಗಿ ಬೆಳೆದವರು ಸಣ್ಣ ಗಾಯವನ್ನು ಹಿಗ್ಗಿಸುವುದೂ, ನಿಜವಾಗಿ ನೊಂದವರು ಹೇಳಲೊಲ್ಲದ್ದನ್ನು ಹೇಳಿಬಿಡುವುದೂ ಉಂಟು. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಬರೆದದ್ದೆಲ್ಲ ಸಂದರ್ಶನದಲ್ಲಿ ಪ್ರಶ್ನೆಯಾಗಿ ಮರಳಬಹುದು. ತಂದೆಯ ಕುಡಿತದ ಬಗ್ಗೆ ಅಪರಿಚಿತರ ಮುಂದೆ ಹತ್ತು ನಿಮಿಷ ಮಾತಾಡಲಾಗದವಳು ಅದನ್ನು ಬದಿಗಿಟ್ಟು, ಅದೇ ವರ್ಷಗಳಲ್ಲಿ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ಅರಿತ ಬಗೆಯನ್ನು ಬರೆಯಬಹುದು. ಆಯ್ಕೆ ಸಮಿತಿಯವರು ಆಗ ಅಂಗಡಿಯ ಬಗ್ಗೆ ಕೇಳುತ್ತಾರೆ, ಅದಕ್ಕೆ ಅವಳು ಮನಬಿಚ್ಚಿ ಉತ್ತರಿಸಬಲ್ಲಳು.